ಕಿಲುಬನ್ನು ಬೆಳಗಬೇಡಿ

ನಮ್ಮ ನಾಣ್ಯಸಂಗ್ರಹದಲ್ಲಿ ಬೆಳ್ಳಿಯ ನಾಣ್ಯಗಳೂ ಉಂಟು. ಹೆಚ್ಚು ಬೆಲೆ ತೆತ್ತು ಕೊಂಡವೂ ಉಂಟು. ಆದರೆ ಅವುಗಳಲ್ಲಿ ಅತ್ಯಂತ ಪ್ರಿಯವಾದುದು ಯಾವುದೆಂದು ಯಾರಾದರೂ ಕೇಳಿದರೆ ನಾವು ತೆಗೆದು ತೋರಿಸುವುದು ಟಿಪ್ಪು ಸುಲ್ತಾನನ ಕಾಲದ ಒಂದು ತಾಮ್ರದ ಪೈಸೆಯನ್ನು. ಬಲ್ಲವರು ಅದಕ್ಕೆ ಕಟ್ಟುವ ಬೆಲೆ ಅತ್ಯಲ್ಪ. ಅದರ ಬೆಲೆಯನ್ನು ಕೆಡಿಸಿದವರು ನಾವೇ. ಆ ಸಂಗತಿಯನ್ನು ತರುಣ ವಾಚಕರ ಮುಂದಿಡುವುದರಿಂದ ಪ್ರಯೋಜನವುಂಟೆಂದು ನಾವು ನಂಬಿದ್ದೇವೆ.

ವಿದ್ಯಾರ್ಥಿದೆಸೆಯಲ್ಲಿ ಒಮ್ಮೆ, ಹಳೆಯ ಪಾತ್ರೆಗಳನ್ನು ತೂಕಕ್ಕೆ ಕೊಳ್ಳುವ ಅಂಗಡಿಯೊಂದರಲ್ಲಿ ಹಸುರುಗಟ್ಟಿದ ಬಿಲ್ಲೆಯೊಂದು ನಮ್ಮ ಕಣ್ಣಿಗೆ ಬಿತ್ತು. ಅದರ ಒಂದು ಮುಖದಲ್ಲಿ ಆನೆಯ ಆಕೃತಿ ಮಸುಕಾಗಿ ತೋರುತ್ತಿತ್ತು. ರೈತನೊಬ್ಬನ ಹೊಲದಲ್ಲಿ ನೇಗಿಲಿಗೆ ಸಿಕ್ಕಿದ್ದೆಂದು ಹೇಳಿ ಅಂಗಡಿಯವರು ಅದನ್ನು ತಾಮ್ರದ ದರಕ್ಕೇ ಕೊಟ್ಟರು. ಅದು ಯಾವ ಊರಿನ ಹೊಲವೆಂದು ಕೇಳುವ ಬುದ್ಧಿ ನಮಗೆ ಬರಲಿಲ್ಲ. ಮನೆಗೆ ಬಂದೊಡನೆ ಹುಣಸೆಹಣ್ಣನ್ನೂ ಬೂದಿಯನ್ನೂ ಹಚ್ಚಿ, ದೇವರ ಮನೆಯ ಚೊಂಬನ್ನು ಬೆಳಗುವಂತೆ ಅದನ್ನು ಬೆಳಗಿದೆವು. ಪೈಸೆ ಥಳಥಳಿಸಿತು, ನಮ್ಮ ಸಂತೋಷಕ್ಕೆ ಪಾರವಿರಲಿಲ್ಲ.

ನಾಣ್ಯವನ್ನು ಓದಲು ನಾವು ಕಲಿತದ್ದು ಕೆಲವು ವರ್ಷಗಳ ಅನಂತರ. ಟಿಪ್ಪುವಿನ ತಾಮ್ರದ ನಾಣ್ಯಗಳಿಗೆ ಆಕಾಶದ ಜ್ಯೋತಿಗಳ ಹೆಸರುಗಳಿವೆ: ಪೈಸೆಗೆ ‘ಜೊಹ್ರಾ’, ಎಂದರೆ ಶುಕ್ರ; ಅರ್ಧ ಪೈಸೆಗೆ ‘ಬಹ್ರಾಮ್’, ಎಂದರೆ ಮಂಗಳ. ನಮ್ಮ ಪೈಸೆಯ ಹಿಂಬದಿಯಲ್ಲಿ ‘ಪಟನ್’ ಎಂದು ಟಂಕಸಾಲೆಯ ಹೆಸರುಂಟು; ಅದು ಶ್ರೀರಂಗಪಟ್ಟಣ. ಆನೆಯ ಮೇಲ್ಗಡೆ ಇಸವಿ. ಅದು ಪ್ರವಾದಿಯವರ ಜನನದಿಂದ ಎಣಿಸುವ ಮೌಲೂದಿ ವರ್ಷ; ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದತಕ್ಕದ್ದು. ಹಾಗೆ ಓದಿದಾಗ ನಮಗೆ ದೊರೆತದ್ದು ೧, ೨, ೨ ಎಂಬ ಮೂರು ಅಂಕಿಗಳು ಮಾತ್ರ. ನಾಲ್ಕನೆಯದಿದ್ದ ಸ್ಥಳ ಕನ್ನಡಿಯಂತೆ ನುಣುಪಾಗಿತ್ತು.

ಆ ಒಂದು ಅಂಕಿಯಲ್ಲಿ ಏನಿತ್ತು? ೧೨೨೦ನೆಯ ಮೌಲೂದಿ ವರ್ಷವೆಂದರೆ ಕ್ರಿ.ಶ. ೧೭೯೨-೯೩. ಆ ೧೭೯೨ರಲ್ಲಿಯೇ ಟಿಪ್ಪು ಒಪ್ಪಂದದಲ್ಲಿ ತನ್ನ ರಾಜ್ಯದ ಅರ್ಧವನ್ನು ಕಳೆದುಕೊಂಡನು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ನಮ್ಮ ಪೈಸೆ ಆ ಏಳು ವರ್ಷಗಳಲ್ಲಿ ಯಾವುದಕ್ಕೆ ಸೇರಿದ್ದೆಂದು ಹೇಳಬಲ್ಲ ಸಾಕ್ಷಿಯನ್ನು ನಾವು ಹುಣಸೆಹಣ್ಣಿನಿಂದ ತೊಳೆದುಹಾಕಿದೆವು.

ಕಿಲುಬು ಕೊಳೆಯಲ್ಲವೆ, ಕೊಳೆಯನ್ನು ತೆಗೆದರೆ ತಪ್ಪೇನು ಎಂದು ವಾಚಕರು ಕೇಳಬಹುದು. ಕಿಲುಬು ಹೊರಗಿನಿಂದ ಬಂದು ಕುಳಿತ ಧೂಳಲ್ಲ. ಬಹುಮಟ್ಟಿಗೆ ಅದು ನಾಣ್ಯದ ತಾಮ್ರವೇ. ಲೋಹದ ಮೇಲ್ಪದರವು ಆಮ್ಲಜನಕದೊಡನೆ ಕೂಡಿ ಕೆಂಪು ಆಕ್ಸೈಡಾಗುತ್ತದೆ. ತೇವ ಮತ್ತು ಇಂಗಾಲದ ಡೈಆಕ್ಸೈಡುಗಳ ಸಹವಾಸದಿಂದ ಹಸುರು ಕಾರ್ಬೊನೇಟಾಗುತ್ತದೆ. ಬಹುಕಾಲ ನೆಲದಲ್ಲಿದ್ದ ನಾಣ್ಯದ ಅಕ್ಷರಗಳು ಎಷ್ಟೋ ಸಲ ಈ ಪದರದಲ್ಲಿಯೇ ಉಳಿದಿರುತ್ತವೆ. ಹುಣಸೆಯ ಟಾರ್ಟಾರಿಕ್ ಆಮ್ಲವು ಇವೆರಡನ್ನೂ ಕರಗಿಸುತ್ತದೆ; ಬೂದಿ ಉಳಿದುದನ್ನು ಉಜ್ಜಿ ತೆಗೆಯುತ್ತದೆ. ಹೊಳಪು ಬರುತ್ತದೆ, ಬರಹ ಹೋಗುತ್ತದೆ.

ಆದುದರಿಂದ ನಮ್ಮ ಅಭಿಪ್ರಾಯವಿದು: ನಾಣ್ಯವನ್ನು ಒಡವೆಯೆಂದು ಭಾವಿಸದೆ ಕಾಗದಪತ್ರವೆಂದು ಭಾವಿಸಬೇಕು. ಹಳೆಯ ನಾಣ್ಯ ಕೈಗೆ ಬಂದರೆ ಮೊದಲು ಅದು ದೊರೆತ ಊರು, ಸ್ಥಳ, ದಿನಗಳನ್ನು ಬರೆದಿಡಿ, ತೂಕವನ್ನು ನೋಡಿ, ಎರಡು ಮುಖಗಳ ಛಾಯಾಚಿತ್ರ ತೆಗೆಯಿರಿ, ಒಣಗಿದ ಕಾಗದದಲ್ಲಿ ಸುತ್ತಿಡಿ. ತಿಳಿಹಸುರು ಪುಡಿ ಉದುರುತ್ತಿದ್ದರೆ ಲೋಹವನ್ನು ಕ್ಲೋರೈಡ್ ತಿನ್ನುತ್ತಿದೆಯೆಂದು ತಿಳಿದು ವಸ್ತುಸಂಗ್ರಹಾಲಯದ ತಜ್ಞರಿಗೆ ತೋರಿಸಿ. ನೆಲದಲ್ಲಿ ನಾಣ್ಯಗಳ ಗಡಿಗೆಯೇ ಸಿಕ್ಕಿದರೆ ಕಾನೂನಿನಂತೆ ಸರ್ಕಾರಕ್ಕೆ ತಿಳಿಸುವುದು ನಿಮ್ಮ ಕರ್ತವ್ಯ. ಒಂದೊಂದಾಗಿ ಹಂಚಿಹೋದ ನಿಧಿ ತನ್ನ ಕಥೆಯನ್ನು ಹೇಳಲಾರದು.

ನಮ್ಮ ಪೈಸೆಯ ಜೊತೆಯಲ್ಲಿ ಒಂದು ಚೀಟಿಯಿದೆ. ಅದರಲ್ಲಿ ಇಸವಿಯ ಕೊನೆಯ ಅಂಕಿಯ ಸ್ಥಳವೂ ಊರಿನ ಹೆಸರಿನ ಸ್ಥಳವೂ ಖಾಲಿ. ಅನಂತರ ನಮ್ಮ ಬಳಿಗೆ ಬಂದ ನಾಣ್ಯಗಳ ಚೀಟಿಗಳಲ್ಲಿ ಅಂತಹ ಖಾಲಿ ಸ್ಥಳಗಳು ಕಡಿಮೆಯಾಗಿರುವುದು ಈ ಪೈಸೆಯ ಉಪಕಾರ. ಆದ್ದರಿಂದಲೇ ಅದು ನಮಗೆ ಪ್ರಿಯ.