ಮನೆಗೆ ಬೇಲಿ ಸಾಕು, ಗುಡ್ಡಕ್ಕೆ ಯಾಕೆ?

ಹೋದ ತಿಂಗಳು ನಮ್ಮ ಬಡಾವಣೆಯ ಸಂಘದಿಂದ ಒಂದು ಸೂಚನೆ ಬಂತು. ಗುಡ್ಡದ ಮೇಲಿನ ಸೈಟುಗಳ ಮಾಲೀಕರೆಲ್ಲ ಮಳೆಗಾಲಕ್ಕೆ ಮುಂಚೆ ತಮ್ಮ ಗಡಿಗೆ ಆರು ಅಡಿ ಎತ್ತರದ ಬೇಲಿಯನ್ನೋ ಕಾಂಪೌಂಡನ್ನೋ ಹಾಕಿಸಬೇಕು. ತಂತಿಬೇಲಿಯಾದರೆ ಬುಡಕ್ಕೆ ಕಾಂಕ್ರೀಟ್ ಪಟ್ಟಿ ಕಡ್ಡಾಯ. ಎಲ್ಲರದ್ದೂ ಒಂದೇ ಥರ ಇದ್ದರೆ ನೋಡಲು ಚೆಂದ, ಕಾಡುಪ್ರಾಣಿಗಳ ಕಾಟವೂ ತಪ್ಪುತ್ತದೆ ಎಂಬುದು ಕಾರಣ. ನಾನು ವಾಟ್ಸಾಪ್ ಗುಂಪಿನಲ್ಲಿ ವಿರೋಧ ಬರೆದೆ. ‘ಕಾಡುಹಂದಿಗಳ ವಕೀಲರು ಬಂದರು’ ಎಂದು ಒಬ್ಬರು ಹಾಕಿದರು. ಅದಕ್ಕೆ ಹತ್ತು ಜನ ನಗುವ ಮುಖ ಒತ್ತಿದರು. ವಕಾಲತ್ತು ಹೇಗೂ ನನ್ನ ಹೆಸರಿಗೆ ಬಂದಿರುವುದರಿಂದ ವಾದವನ್ನು ಪೂರ್ತಿಯಾಗಿಯೇ ಮಂಡಿಸುತ್ತೇನೆ.

ಮೊದಲು ನನ್ನ ತಪ್ಪೊಪ್ಪಿಗೆ. ಮೂಡಿಗೆರೆ ಸೀಮೆಯ ಈ ಗುಡ್ಡ ಹದಿನೈದು ವರ್ಷದ ಹಿಂದೆ ಒಂದೇ ಕಾಫಿ ತೋಟವಾಗಿತ್ತು. ಪಾಲಾಯಿತು, ಮಾರಾಟವಾಯಿತು, ಕಾಲು ಎಕರೆ ಅರ್ಧ ಎಕರೆಯ ತುಂಡುಗಳಾಯಿತು. ಬೆಂಗಳೂರಿನ ನೌಕರಿ ಮುಗಿಸಿ ಬಂದು ಅರ್ಧ ಎಕರೆ ಕೊಂಡವರಲ್ಲಿ ನಾನೂ ಒಬ್ಬ. ಮನೆ ಕಟ್ಟುವ ಮೊದಲೇ ಬೇಲಿ ಹಾಕಿಸಿದೆ. ಐದಡಿ ಚೈನ್‌ಲಿಂಕ್, ಮೇಲೆ ಮೂರು ಸಾಲು ಮುಳ್ಳುತಂತಿ, ಬುಡದಲ್ಲಿ ಕಾಂಕ್ರೀಟು. ‘ಇಲಿಯೂ ನುಗ್ಗಬಾರದು ಸಾರ್, ಹಾಗೆ ಮಾಡಿಕೊಡ್ತೇನೆ’ ಎಂದಿದ್ದ ಗುತ್ತಿಗೆದಾರ. ನಾನು ಖುಷಿಯಾಗಿ ಮುಂಗಡ ಕೊಟ್ಟಿದ್ದೆ.

ಎರಡನೇ ವರ್ಷದ ಮಾಗಿಯಲ್ಲಿ ಒಂದು ಬೆಳಗ್ಗೆ ಕೆಳಗಿನ ಮೂಲೆಯಲ್ಲಿ ಕಾಡುಕುರಿಯೊಂದು ಸತ್ತು ಬಿದ್ದಿತ್ತು. ಬೇಲಿಯ ಹೊರಗೆ, ನನ್ನ ಬೇಲಿ ಮತ್ತು ಪಕ್ಕದವರ ಕಾಂಪೌಂಡು ಕೂಡುವ ಸಂದಿಯಲ್ಲಿ. ನಾಯಿಗಳು ಅಟ್ಟಿಸಿಕೊಂಡು ಬಂದು ಅಲ್ಲಿ ಹಿಡಿದಿದ್ದವು. ರಾತ್ರಿ ಬೊಗಳಾಟ ಕೇಳಿ ಮಗ್ಗುಲು ಬದಲಿಸಿ ಮಲಗಿದ್ದು ನನಗೆ ನೆನಪಿತ್ತು. ಜಾಲರಿ ಹಲವು ಕಡೆ ಒಳಕ್ಕೆ ಉಬ್ಬಿತ್ತು, ಅಷ್ಟು ಸಲ ಹಾಯ್ದಿತ್ತು ಅದು. ಹಳೇ ತೋಟದಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬರು ಈಗ ನಮ್ಮಲ್ಲಿಗೆ ಬರುತ್ತಾರೆ. ನೋಡಿ ಹೇಳಿದರು: ‘ಅದ್ರ ದಾರಿ ಇದೇ ಅಲ್ವಾ ಸಾರ್. ಹಳ್ಳಕ್ಕೆ ನೀರಿಗೆ ಇಳಿಯೋದು ಇಲ್ಲೇ. ನೀವು ಮುಚ್ಚಿದ್ರೆ ಅದು ಎಲ್ಲಿಗೆ ಹೋಗ್ತದೆ?’ ಬೇಲಿ ಹಾಕುವಾಗ ಯಾಕೆ ಹೇಳಲಿಲ್ಲ ಎಂದೆ. ‘ನೀವು ಕೇಳಲಿಲ್ಲವಲ್ಲ’ ಎಂದರು.

ಈ ಸೈಟಿಗೆ ಸಂಬಂಧಪಟ್ಟ ಕಾಗದದ ಕಟ್ಟು ನನ್ನ ಬಳಿ ಒಂದು ಗೇಣು ದಪ್ಪಕ್ಕಿದೆ. ರಸ್ತೆ ಎಷ್ಟು ಅಗಲ, ಚರಂಡಿ ಎಲ್ಲಿ, ಗಡಿಯಿಂದ ಮನೆ ಎಷ್ಟು ಒಳಗಿರಬೇಕು, ಎಲ್ಲವೂ ಇದೆ. ಈ ಜಾಗದಲ್ಲಿ ಯಾರು ಓಡಾಡುತ್ತಾರೆ ಎಂಬ ಪ್ರಶ್ನೆ ಒಂದು ಕಾಗದದಲ್ಲೂ ಇಲ್ಲ. ಬೇಲಿ ಎಂದರೆ ‘ಇದು ಯಾರದ್ದು’ ಎಂಬುದಕ್ಕೆ ಮಾತ್ರ ಉತ್ತರ ಎಂದು ನಾವು ತೀರ್ಮಾನಿಸಿಕೊಂಡಿದ್ದೇವೆ. ಬಯಲುಸೀಮೆಯ ಪಟ್ಟಣದಲ್ಲಿ ಅದು ನಡೆದೀತು. ಗುಡ್ಡದಲ್ಲಿ ನಡೆಯುವುದಿಲ್ಲ. ಇಲ್ಲಿ ಓಡಾಡಲು ಆಗುವ ದಾರಿಗಳೇ ಕಡಿಮೆ. ಎರಡು ದಿಣ್ಣೆಗಳ ನಡುವಿನ ತಗ್ಗು, ಹಳ್ಳದ ಪಕ್ಕ, ಇಳಿಜಾರು ಸ್ವಲ್ಪ ಸಡಿಲವಾದ ಕಡೆ. ಹೆಚ್ಚುಕಡಿಮೆ ನೀರು ಇಳಿಯುವ ದಾರಿಯೇ ಪ್ರಾಣಿ ಇಳಿಯುವ ದಾರಿ. ನೀರಿನ ವಿಷಯದಲ್ಲಿ ನಮಗೆ ಬುದ್ಧಿ ಇದೆ. ದರೆ ಕಡಿದು ತಡೆಗೋಡೆ ಕಟ್ಟಿದರೆ ಬುಡದಲ್ಲಿ ತೂತು ಬಿಡುತ್ತೇವೆ, ಬಿಡದಿದ್ದರೆ ಆಷಾಢದಲ್ಲಿ ಗೋಡೆ ಮಲಗುತ್ತದೆ ಎಂದು ಗೊತ್ತು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ಕಂಡ ಮೇಲಂತೂ ನೀರಿಗೆ ಎದುರು ನಿಲ್ಲುವ ಧೈರ್ಯ ಯಾರಿಗೂ ಇಲ್ಲ. ಪ್ರಾಣಿ ಗೋಡೆ ಕೆಡವುವುದಿಲ್ಲ, ಸುಮ್ಮನೆ ಸಾಯುತ್ತದೆ. ಹಾಗಾಗಿ ಅದಕ್ಕೆ ತೂತಿಲ್ಲ.

ಸಂಘದವರು ಹೇಳುವುದು ಭದ್ರತೆಯ ಮಾತು. ಅದನ್ನು ಹಗುರವಾಗಿ ತೆಗೆದುಕೊಳ್ಳುವವನಲ್ಲ ನಾನು. ಮೊಮ್ಮಗು ಬಂದಾಗ ಸಂಜೆ ಆರರ ಮೇಲೆ ಅಂಗಳಕ್ಕೆ ಬಿಡುವುದಿಲ್ಲ. ಆದರೆ ಆರಡಿ ಬೇಲಿ ಯಾರನ್ನು ತಡೆಯುತ್ತದೆ, ಲೆಕ್ಕ ಹಾಕಿ ನೋಡಿ. ಆನೆಗೆ ಚೈನ್‌ಲಿಂಕ್ ಎಂದರೆ ಹೂಕಟ್ಟುವ ನಾರು. ಚಿರತೆ ಆರಡಿ ಗೋಡೆಯನ್ನು ಬಾಯಲ್ಲಿ ನಾಯಿ ಕಚ್ಚಿಕೊಂಡೇ ಹಾರುತ್ತದೆ. ಅದು ಬರುವುದು ನಾಯಿಗಾಗಿಯೇ, ನಾಯಿಯನ್ನು ರಾತ್ರಿ ಒಳಗೆ ಕಟ್ಟಿದರೆ ಅರ್ಧ ಕೆಲಸ ಮುಗಿಯಿತು. ಮಂಗನಿಗೆ ಬೇಲಿ ಏಣಿ. ಹಂದಿ ಎಲ್ಲಿ ಮಣ್ಣು ಸಡಿಲವೋ ಅಲ್ಲಿ ಅಗೆದುಕೊಂಡು ಬರುತ್ತದೆ. ಉಳಿದವರು ಯಾರು? ಕಾಡುಕುರಿ, ಬರ್ಕ, ಮೊಲ, ಚಿಪ್ಪುಹಂದಿ, ಉಡ, ಆಮೆ. ನಮಗೆ ಭಯ ಹುಟ್ಟಿಸುವ ಒಂದನ್ನೂ ತಡೆಯದ, ಯಾರಿಗೂ ಏನೂ ಮಾಡದ ಪ್ರಾಣಿಗಳನ್ನೆಲ್ಲ ತಡೆಯುವ ವಸ್ತುವಿಗೆ ನಾವು ಲಕ್ಷಗಟ್ಟಲೆ ಸುರಿಯುತ್ತಿದ್ದೇವೆ.

ಬೇಲಿಯ ಚರ್ಚೆ ನಮ್ಮಲ್ಲಿ ಯಾವಾಗಲೂ ಆನೆಯ ಚರ್ಚೆಯಾಗಿಬಿಡುತ್ತದೆ. ಅದಕ್ಕೆ ಕಾರಣವೂ ಇದೆ. ಮನುಷ್ಯರು ಸತ್ತಿದ್ದಾರೆ, ಬೆಳೆ ಹೋಗಿದೆ. 2018ರ ಡಿಸೆಂಬರಿನಲ್ಲಿ ನಾಗರಹೊಳೆಯ ಅಂಚಿನಲ್ಲಿ ಸಲಗವೊಂದು ರೈಲು ಹಳಿಯ ತಡೆಬೇಲಿ ದಾಟಲು ಹೋಗಿ ಅದರಲ್ಲೇ ಸಿಕ್ಕಿ ಸತ್ತ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂತು. ಕಾಡುಕುರಿಯ ಚಿತ್ರ ಎಲ್ಲೂ ಬರುವುದಿಲ್ಲ.

ಒಂದು ವಿಷಯ ಸ್ಪಷ್ಟವಾಗಿರಲಿ. ಗದ್ದೆಗೆ, ಬಾಳೆಗೆ ಬೇಲಿ ಹಾಕುವ ರೈತನ ಮೇಲೆ ನನ್ನ ತಕರಾರಿಲ್ಲ. ವರ್ಷದ ಅನ್ನ ಒಂದು ರಾತ್ರಿಯಲ್ಲಿ ಹೋಗುವವನಿಗೆ ನಾನು ಪಾಠ ಹೇಳಲಾರೆ. ಸೌರಬೇಲಿಗೆ ಸರ್ಕಾರ ಅವನಿಗೆ ಸಹಾಯಧನ ಕೊಡುವುದು ಸರಿಯಾಗಿಯೇ ಇದೆ. ನನ್ನ ಜಗಳ ನಮ್ಮಂಥವರ ಜೊತೆ. ವರ್ಷಕ್ಕೆ ಹನ್ನೆರಡು ದಿನ ಬಂದುಹೋಗುವ, ಕಾಯಲು ಹುಲ್ಲುಹಾಸು ಬಿಟ್ಟರೆ ಏನೂ ಇಲ್ಲದ, ‘ನೇಚರ್ ವ್ಯೂ’ ಎಂದು ಬೋರ್ಡು ತೂಗುಹಾಕಿ ನೇಚರಿಗೆ ಗೇಟು ಹಾಕುವವರ ಜೊತೆ. ನಾವು ಮುಚ್ಚಿದ ದಾರಿಯ ಪ್ರಾಣಿ ಮಾಯವಾಗುವುದಿಲ್ಲ. ಬೇಲಿಗುಂಟ ನಡೆದು ರಸ್ತೆಗೆ ಬರುತ್ತದೆ, ಇಲ್ಲವೇ ಕೆಳಗಿನ ರೈತನ ಗದ್ದೆಗೆ. ನಮ್ಮ ಭದ್ರತೆಯ ಬಿಲ್ಲು ಅವನು ಕಟ್ಟುತ್ತಾನೆ.

ನಮ್ಮ ಹಿರಿಯರು ಪ್ರಾಣಿಗಳ ಜೊತೆ ಸಾಮರಸ್ಯದಿಂದ ಇದ್ದರು ಎಂಬ ಭಾಷಣ ಮಾಡಲು ನನಗೆ ಇಷ್ಟವಿಲ್ಲ. ಅವರು ಅಗಳು ತೋಡಿದರು, ಅದರಲ್ಲಿ ಬಿದ್ದದ್ದನ್ನು ತಿಂದರು. ಬೇಲಿಯ ಸಂದಿಯಲ್ಲಿ ಉರುಳು ಒಡ್ಡುವುದು ಕೂಡ ಹಳೇ ವಿದ್ಯೆಯೇ. ಅದು ಈಗಲೂ ಇದೆ, ಹಂದಿಗೆ ಇಟ್ಟ ಉರುಳಿನಲ್ಲಿ ಚಿರತೆ ಸಿಕ್ಕಿ ಸಾಯುತ್ತಿದೆ. ದಾರಿ ಬಿಟ್ಟರೆ ಉರುಳು ಬರುತ್ತದೆ ಎಂದು ನನ್ನೊಬ್ಬ ಗೆಳೆಯ ಹೇಳಿದ್ದು ನಿಜವಾದ ಆಕ್ಷೇಪ. ಬಿಟ್ಟ ದಾರಿಯನ್ನು ಬಿಟ್ಟವನೇ ವಾರಕ್ಕೊಮ್ಮೆ ನಡೆದು ನೋಡಬೇಕು, ಬೇರೆ ಉಪಾಯ ಕಾಣೆ. ಆದರೂ ಹಳೇ ಬೇಲಿಗಳಿಗೆ ಒಂದು ಗುಣವಿತ್ತು. ಲಕ್ಕಿ, ದಾಸವಾಳ, ಗೊಬ್ಬರದ ಗಿಡ, ನಡುವೆ ಮುಳ್ಳುಕಂಟಿ. ದನ ನುಗ್ಗುತ್ತಿರಲಿಲ್ಲ, ಮನುಷ್ಯನಿಗೆ ದಣಪೆ ಇತ್ತು, ರಾತ್ರಿ ಸಂಚಾರಕ್ಕೆ ಬುಡದಲ್ಲಿ ಜಾಗ ತಾನಾಗಿಯೇ ಉಳಿಯುತ್ತಿತ್ತು. ಯಾರೂ ಕರುಣೆಯಿಂದ ಬಿಟ್ಟದ್ದಲ್ಲ, ಮುಚ್ಚುವ ಸಾಮಾನು ಇರಲಿಲ್ಲ ಅಷ್ಟೆ. ಈಗ ಸಾಮಾನು ಇದೆ. ಆದ್ದರಿಂದಲೇ ನಿಯಮ ಬೇಕು.

ನಿಯಮ ಮಾಡಿದವರು ಇದ್ದಾರೆ. ಬ್ರಿಟನ್ನಿನಲ್ಲಿ ಮನೆಗಳ ಹಿತ್ತಿಲ ಬೇಲಿಯ ಬುಡದಲ್ಲಿ 13 ಸೆಂಟಿಮೀಟರ್ ಚೌಕದ ಕಂಡಿ ಬಿಡುತ್ತಾರೆ, ಅಲ್ಲಿನ ಪುಟ್ಟ ಮುಳ್ಳಿಲಿ ಹಿತ್ತಿಲಿನಿಂದ ಹಿತ್ತಿಲಿಗೆ ದಾಟಲೆಂದು. ಅಮೆರಿಕದ ಮೊಂಟಾನಾದಲ್ಲಿ ವನ್ಯಜೀವಿ ಇಲಾಖೆಯೇ ಜಮೀನಿನವರಿಗೆ ಕೈಪಿಡಿ ಕೊಟ್ಟಿದೆ. ಕೆಳಗಿನ ತಂತಿ ಮುಳ್ಳಿಲ್ಲದ್ದಾಗಿರಲಿ, ನೆಲದಿಂದ 16 ಇಂಚಾದರೂ ಮೇಲಿರಲಿ, ಮೇಲಿನ ತಂತಿ 42 ಇಂಚು ಮೀರದಿರಲಿ ಎಂದು. ನಮ್ಮ ಬಂಡೀಪುರದ ಬೆನ್ನಿಗೇ ಇರುವ ಮಸಿನಗುಡಿಯ ಕಡೆ ನಾವು ಕಂಡದ್ದು ಇದರ ತಿರುಗುಮುರುಗು. ಆನೆದಾರಿಯಲ್ಲಿ ರೆಸಾರ್ಟು ಎದ್ದು, ಸುತ್ತ ಬೇಲಿ ಎದ್ದು, ತಮಿಳುನಾಡು ಸರ್ಕಾರ 2010ರಲ್ಲಿ ಆ ಜಾಗವನ್ನು ಆನೆದಾರಿ ಎಂದು ಅಧಿಸೂಚನೆ ಹೊರಡಿಸಿ, ಅದನ್ನು ಮದ್ರಾಸ್ ಹೈಕೋರ್ಟು ಎತ್ತಿಹಿಡಿದು, ಕೊನೆಗೆ ಸುಪ್ರೀಂ ಕೋರ್ಟು 2020ರ ಅಕ್ಟೋಬರಿನಲ್ಲಿ ಅದೇ ಸರಿ ಎನ್ನುವಷ್ಟರಲ್ಲಿ ಹತ್ತು ವರ್ಷ. ಅದೂ ಆನೆಯಾದ್ದರಿಂದ. ಬರ್ಕದ ಪರವಾಗಿ ದೆಹಲಿಗೆ ಹೋಗುವವರು ಯಾರು?

ನಾನು ಕೇಳುವುದು ಇಷ್ಟು. ಮನೆಯ ಸುತ್ತ, ಮಕ್ಕಳು ಆಡುವ ಅಂಗಳದ ಸುತ್ತ, ನಿಮಗೆ ಬೇಕಾದಷ್ಟು ಗಟ್ಟಿ ಬೇಲಿ ಹಾಕಿ, ಎಂಟಡಿ ಬೇಕಾದರೂ ಏರಿಸಿ. ಅದರಾಚೆ ಗಡಿಗೆ ಬಾಂದುಕಲ್ಲು ಸಾಕು, ಹೆಚ್ಚೆಂದರೆ ಬುಡ ತೆರೆದ ಎರಡೆಳೆ ನುಣುಪು ತಂತಿ ಅಥವಾ ಗಿಡದ ಬೇಲಿ. ಹಳ್ಳದ ಬದಿಗೂ ತಗ್ಗಿಗೂ ಏನೂ ಬೇಡ. ಬ್ಲೇಡಿನ ತಂತಿಯಂತೂ ಈ ಗುಡ್ಡದಲ್ಲಿ ಎಲ್ಲೂ ಬೇಡ. ಲೇಔಟಿಗೆ ಒಪ್ಪಿಗೆ ಕೊಡುವಾಗಲೇ ಇದನ್ನು ಬರೆಯಲಿ, ಒಬ್ಬೊಬ್ಬರ ಒಳ್ಳೆಯತನಕ್ಕೆ ಬಿಡುವುದು ಬೇಡ. ಒಬ್ಬ ತೆರೆದು ಪಕ್ಕದವನು ಮುಚ್ಚಿದರೆ ಆ ದಾರಿ ಎಲ್ಲಿಗೂ ಹೋಗುವುದಿಲ್ಲ. ಒತ್ತುವರಿಯ ಭಯವೇ? ಅದಕ್ಕೆ ಸರ್ವೆ ಇದೆ, ನಕ್ಷೆ ಇದೆ. ಜಾಲರಿ ಹಾಕಿದ ಮೇಲೂ ನನ್ನ ಪಕ್ಕದವರು ಎರಡಡಿ ಒಳಗೆ ಬಂದಿದ್ದಾರೆ, ಆ ಮಾತು ಬೇರೆ.

ಕೆಳಗಿನ ಮೂಲೆಯಲ್ಲಿ ನಲವತ್ತು ಅಡಿಯಷ್ಟು ಜಾಲರಿಯನ್ನು ಹೋದ ವರ್ಷ ಬಿಚ್ಚಿಸಿದೆ. ಹಾಕಿದ ಗುತ್ತಿಗೆದಾರನೇ ಬಂದು ಬಿಚ್ಚಿದ, ನನ್ನ ತಲೆ ಕೆಟ್ಟಿದೆಯೆಂದು ಅವನ ಹುಡುಗರಿಗೆ ಹೇಳುತ್ತಿದ್ದುದು ಕೇಳಿಸಿತು. ಕಾಂಕ್ರೀಟ್ ಪಟ್ಟಿ ಒಡೆಸಲು ಕೇಳಿದ ದುಡ್ಡು ಜಾಸ್ತಿಯಾಗಿ ಅದು ಹಾಗೇ ಉಳಿದಿದೆ. ಆಮೆಗೆ ಅಷ್ಟೂ ಸಾಕು ತಡೆಯಲು, ಈ ಬೇಸಿಗೆಯಲ್ಲಿ ಹಾರೆ ತಗೊಂಡು ನಾನೇ ಶುರುಮಾಡಬೇಕು. ಪಕ್ಕದವರ ಕಾಂಪೌಂಡಿನ ಗೋಡೆಗೆ ಇನ್ನೂ ಸುಣ್ಣ ಹೊಡೆದಿಲ್ಲ. ಭಾನುವಾರ ಹತ್ತೂವರೆಗೆ ಸಂಘದ ಸಭೆ, ಬೇಲಿಯ ವಿಷಯ ಮೂರನೆಯದು. ನಗುವ ಮುಖ ಒತ್ತಿದ ಹತ್ತು ಜನರೂ ಬರುತ್ತಾರಂತೆ. ನಾನೂ ಹೋಗುತ್ತೇನೆ.