ಹುಳು ಸತ್ತ ಮೇಲೆ

ಹೊಸೂರು ರಸ್ತೆಯ ನಿಮ್ಹಾನ್ಸ್ 1974ರಲ್ಲಿ ಹುಟ್ಟಿತು, ಐವತ್ತು ದಾಟಿದೆ. ಪಕ್ಕದ ಜಯನಗರ, ಬಿಟಿಎಂನವರು ಈ ಅವಧಿಯಲ್ಲಿ ಮೂರ್ಛೆರೋಗದ ಬಗ್ಗೆ ಕಲಿತದ್ದೇನು ಎಂದು ಹಿಂತಿರುಗಿ ನೋಡಿದರೆ ಅಡ್ಡ ಬರುವುದು ಒಂದು ಲಾಡಿಹುಳು.

ಎಂಬತ್ತರ ದಶಕದಲ್ಲಿ ಸಿ.ಟಿ. ಸ್ಕ್ಯಾನ್ ಬಳಕೆಗೆ ಬಂದಂತೆ ಫಿಟ್ಸ್ ಬಂದವರ ಮೆದುಳಿನಲ್ಲಿ ಉಂಗುರದಂಥ ಚುಕ್ಕೆ ಕಾಣಿಸತೊಡಗಿತು. ಕ್ಷಯದ ಗಡ್ಡೆಯೆಂದು ಎಷ್ಟೋ ಮಂದಿಗೆ ತಿಂಗಳುಗಟ್ಟಲೆ ಟಿ.ಬಿ. ಮಾತ್ರೆ ನುಂಗಿಸಿದ್ದಾಯಿತು. ಮಾತ್ರೆಯಿಲ್ಲದೆಯೂ ಚುಕ್ಕೆ ಮಾಯವಾಗುತ್ತಿತ್ತು! ವೆಲ್ಲೂರಿನ ಸಿ.ಎಂ.ಸಿ.ಯ ವೇದಾಂತಂ ರಾಜಶೇಖರ್, ಮ್ಯಾಥ್ಯೂ ಚಾಂಡಿ ಅದನ್ನು ತೆಗೆದು ಪರೀಕ್ಷಿಸಿದಾಗ ಬಹುಪಾಲು ಸಿಕ್ಕಿದ್ದು ಲಾಡಿಹುಳುವಿನ ಮರಿಯ ಪಳೆಯುಳಿಕೆ.

ಬದುಕಿರುವ ಮರಿ ನೀರುಗುಳ್ಳೆಯೊಳಗೆ ವರ್ಷಗಟ್ಟಲೆ ತೆಪ್ಪಗಿರುತ್ತದೆ. ಬಿಳಿ ರಕ್ತಕಣಗಳ ಕೈಕಟ್ಟುವ ಪ್ರೋಟೀನು ಸ್ರವಿಸುತ್ತದೆ. ನಮ್ಮದೇ ಪ್ರತಿಕಾಯಗಳನ್ನು ಮೈಗೆ ಹೊದ್ದುಕೊಳ್ಳುತ್ತದೆ. ಬಾಡಿಗೆ ಕೊಡದಿದ್ದರೂ ಗಲಾಟೆ ಮಾಡದ ಬಾಡಿಗೆದಾರ. ಸಾಯತೊಡಗಿದಾಗ ಗುಳ್ಳೆ ಸೋರುತ್ತದೆ. ಲಿಂಫೋಸೈಟ್, ಮ್ಯಾಕ್ರೋಫೇಜ್, ಇಯೋಸಿನೋಫಿಲ್‌ಗಳು ನುಗ್ಗುತ್ತವೆ, ಸುತ್ತಲಿನ ಮೆದುಳು ಊದಿಕೊಳ್ಳುತ್ತದೆ, ಫಿಟ್ಸ್ ಬರುತ್ತದೆ. ನಾವು ರೋಗಿಯ ಕೈಗೆ ಬೀಗದ ಕೈ ಗೊಂಚಲು ತುರುಕುವ ಹೊತ್ತಿಗೆ ಒಳಗೆ ನಡೆದಿರುವುದು ಈ ದೊಂಬಿ. ಅದಕ್ಕೇ ಆಲ್ಬೆಂಡಜೋಲ್ ಜತೆಗೆ ಸ್ಟೀರಾಯ್ಡ್: ಒಂದು ಹುಳುವಿಗೆ, ಇನ್ನೊಂದು ನಮ್ಮ ಕಣಗಳ ಆವೇಶಕ್ಕೆ. ಗುಳ್ಳೆಗಳು ವಿಪರೀತವಿದ್ದು ಇಡೀ ಮೆದುಳು ಊದಿದ್ದರೆ ಹುಳು ಕೊಲ್ಲುವ ಮಾತ್ರೆಯನ್ನು ಕೊಡುವುದೇ ಇಲ್ಲ.

ನಿಮ್ಹಾನ್ಸಿನ ಗೌರಿದೇವಿ ತಂಡ ಬೆಂಗಳೂರು ನಗರ, ಹಳ್ಳಿಗಳ ಲಕ್ಷಕ್ಕೂ ಮಿಕ್ಕ ಜನರನ್ನು ಸಮೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಮೂರ್ಛೆರೋಗ ನಗರದಲ್ಲಿ ಸಾವಿರಕ್ಕೆ 5.7, ಹಳ್ಳಿಯಲ್ಲಿ 11.9. ಎಲ್ಲವೂ ಹುಳುವಿನ ಕೆಲಸವಲ್ಲ, ನಿಜ. ಆದರೆ ಪಟ್ಟಣದವರು ಬೀಗಬೇಕಿಲ್ಲ.

"ನಾವು ಮಾಂಸ ಮುಟ್ಟೋರಲ್ಲ ಡಾಕ್ಟ್ರೇ, ನಮಗ್ಯಾಕೆ ಬಂತು?" ನಮ್ಮ ಬಡಾವಣೆಗಳಲ್ಲಿ ಈ ಪ್ರಶ್ನೆ ಇನ್ನೂ ಹಳತಾಗಿಲ್ಲ. ಅರೆಬೆಂದ ಹಂದಿಮಾಂಸ ತಿಂದವರ ಕರುಳಲ್ಲಿ ಬೆಳೆಯುವುದು ಹುಳು. ಅವರ ಮಲದಲ್ಲಿ ಬಿದ್ದ ಮೊಟ್ಟೆ ಕೈ, ನೀರು, ಸೊಪ್ಪಿನ ದಾರಿಯಲ್ಲಿ ಯಾರ ಹೊಟ್ಟೆ ಸೇರಿದರೂ ಮರಿ ಮೆದುಳಿಗೆ ಹೋಗಬಲ್ಲದು. ಮಡಿಯವರ ಹೊಟ್ಟೆಯೂ ಅದಕ್ಕೆ ಹೊಟ್ಟೆಯೇ.

ಸ್ಕ್ಯಾನು ಬದಲಾಯಿತು, ಚಿಕಿತ್ಸೆ ಬದಲಾಯಿತು. ಮೊನ್ನೆ ಬನಶಂಕರಿಯ ಫುಟ್‌ಪಾತಿನಲ್ಲಿ ಸೊಪ್ಪಿನಾಕೆ ಬಾಡಿದ ಕೊತ್ತಂಬರಿ ಕಟ್ಟನ್ನು ಮಸುಕು ನೀರಿನ ಬಕೆಟ್ಟಿಗೆ ಅದ್ದಿ ಕೊಡವಿದಳು. ಹಸಿರು ಮರಳಿತು. ಹತ್ತು ರೂಪಾಯಿ ಕೊಟ್ಟು ತಂದೆ. ಕ್ಯಾರೆಟ್ ಕೋಸಂಬರಿಯ ಮೇಲೆ ಹೆಚ್ಚಿ ಉದುರಿಸಿದ ಮೇಲೆ, ತೊಳೆದಿಲ್ಲವೆಂಬುದು ನೆನಪಾಯಿತು.