ನಕ್ಷೆಯಲ್ಲಿ ಇಲ್ಲದ ಊರು

‘ಬಕುರಾವ್’ ನೋಡಿದ ಎಷ್ಟೋ ಮಂದಿ ಅದನ್ನು ರಕ್ತಪಾತದ ಸಿನಿಮಾ ಎಂದು ಬದಿಗಿಡುತ್ತಾರೆ. ರಕ್ತ ಇರುವುದು ನಿಜ. ಆದರೆ ಬ್ರೆಜಿಲ್‌ನ ಈಶಾನ್ಯ ಭಾಗದ ಚರಿತ್ರೆ ಒಂದಿಷ್ಟು ಗೊತ್ತಿದ್ದರೆ, ಚಿತ್ರದ ಹಳ್ಳಿಯ ಜನ ದಾಳಿಗೆ ಏಕೆ ಕಂಗೆಡುವುದಿಲ್ಲ ಎಂಬುದು ತಿಳಿಯುತ್ತದೆ.

ಕ್ಲೆಬರ್ ಮೆಂಡೋನ್ಸಾ ಫಿಲ್ಯೊ ಮತ್ತು ಜೂಲಿಯಾನೊ ದೊರ್ನೆಲ್ಲಿಸ್ ಸೇರಿ ನಿರ್ದೇಶಿಸಿದ ಈ ಚಿತ್ರ 2019ರ ಕಾನ್ ಉತ್ಸವದಲ್ಲಿ ತೀರ್ಪುಗಾರರ ಪ್ರಶಸ್ತಿಯನ್ನು ಮತ್ತೊಂದು ಚಿತ್ರದ ಜೊತೆ ಹಂಚಿಕೊಂಡಿತು. ಕಥೆ ನಡೆಯುವುದು ಪೆರ್ನಾಂಬುಕೊ ರಾಜ್ಯದ ಬರಪೀಡಿತ ಒಳನಾಡಿನಲ್ಲಿ, ಇನ್ನು ಕೆಲವು ವರ್ಷಗಳಾದ ಮೇಲೆ. ಊರಿನ ಹಿರಿಯಜ್ಜಿ ಕಾರ್ಮೆಲಿತಾ ತೀರಿಕೊಂಡ ಬೆನ್ನಿಗೇ ವಿಚಿತ್ರಗಳು ಶುರುವಾಗುತ್ತವೆ. ಮೇಷ್ಟ್ರು ಮಕ್ಕಳಿಗೆ ತೋರಿಸಲೆಂದು ಹುಡುಕಿದರೆ ಅಂತರ್ಜಾಲದ ನಕ್ಷೆಯಲ್ಲಿ ಊರೇ ಇಲ್ಲ. ಮೊಬೈಲ್ ಸಿಗ್ನಲ್ ಸತ್ತುಹೋಗುತ್ತದೆ. ನೀರಿನ ಟ್ಯಾಂಕರ್ ಗುಂಡೇಟಿನ ತೂತುಗಳಿಂದ ಸೋರುತ್ತಾ ಬಂದು ನಿಲ್ಲುತ್ತದೆ. ಮನುಷ್ಯರನ್ನು ಬೇಟೆಯಾಡುವ ಮೋಜಿಗೆಂದು ವಿದೇಶಿಯರ ತಂಡವೊಂದು ಹತ್ತಿರದಲ್ಲೇ ಬೀಡುಬಿಟ್ಟಿದೆ.

ಬೇಟೆಗಾರರಿಗಿಂತ ಮೊದಲು ಬರುವವನು ಮೇಯರ್, ಓಟು ಕೇಳಲು. ಅವನ ವಾಹನ ಕಂಡದ್ದೇ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತದೆ; ಅವನು ಖಾಲಿ ಬೀದಿಗೆ ಭಾಷಣ ಬಿಗಿಯುತ್ತಾನೆ. ಗ್ರಂಥಾಲಯಕ್ಕೆಂದು ತಂದ ಪುಸ್ತಕಗಳನ್ನು ಟಿಪ್ಪರ್‌ನಿಂದ ಜಲ್ಲಿ ಸುರಿದ ಹಾಗೆ ನೆಲಕ್ಕೆ ಸುರಿಸುತ್ತಾನೆ. ಜೊತೆಗೆ ಅವಧಿ ಮೀರಿದ ಆಹಾರದ ಪೊಟ್ಟಣ, ಮನಸ್ಸನ್ನು ಮಂಕು ಮಾಡುವ ಔಷಧ. ಅವನು ಹೋದ ಮೇಲೆ ಜನ ಹೊರಬಂದು ಎಲ್ಲವನ್ನೂ ಸಾವಧಾನವಾಗಿ ವಿಂಗಡಿಸುತ್ತಾರೆ. ಊರಿನ ಡಾಕ್ಟರ್ ದೊಮಿಂಗಾಸ್ ಆ ಔಷಧದ ಗುಣವನ್ನು ಎಲ್ಲರಿಗೂ ಬಿಡಿಸಿ ಹೇಳುತ್ತಾಳೆ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ರಾಜಕೀಯವಾಗಿ ಕಂಡ ದೃಶ್ಯ ಇದೇ. ಹೊರಗಿನಿಂದ ಬಂದದ್ದನ್ನು ಪರೀಕ್ಷಿಸದೆ ಒಳಗೆ ಬಿಟ್ಟುಕೊಳ್ಳಬಾರದೆಂದು ಆ ಊರಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಇನ್ನು ಊರಿನ ಮ್ಯೂಸಿಯಂ. ದಕ್ಷಿಣ ಬ್ರೆಜಿಲ್‌ನಿಂದ ಬೈಕಿನಲ್ಲಿ ಬಂದ ಇಬ್ಬರನ್ನು ಊರವರು ‘ನಮ್ಮ ಮ್ಯೂಸಿಯಂ ನೋಡಿ’ ಎಂದು ಕರೆಯುತ್ತಾರೆ. ಅವರಿಗೆ ಆಸಕ್ತಿಯಿಲ್ಲ. ಬೇಟೆಗಾರರಿಗೆ ದಾರಿ ಮಾಡಿಕೊಡಲು ಬಂದ ಅವರು ತಮ್ಮನ್ನೂ ಬಿಳಿಯರೆಂದೇ ಎಣಿಸಿಕೊಂಡವರು. ಕೊನೆಗೆ ಅದೇ ಬೇಟೆಗಾರರು ಅವರನ್ನು ಗುಂಡಿಟ್ಟು ಕೊಲ್ಲುತ್ತಾರೆ. ಒಳಗೆ ಹೋಗಿದ್ದರೆ ಹಳೆಯ ಬಂದೂಕುಗಳು, ಕಾಡುಬಂಡುಕೋರರ ಫೋಟೊಗಳು ಕಾಣುತ್ತಿದ್ದವು.

ಆ ಫೋಟೊಗಳ ಹಿಂದೆ ನಿಜವಾಗಿ ಸತ್ತ ಜನರಿದ್ದಾರೆ. ಇದೇ ಒಳನಾಡಿನ ಬಂಡುಕೋರ ನಾಯಕ ಲಾಂಪಿಯಾಂವ್‌ನನ್ನು 1938ರಲ್ಲಿ ಪೊಲೀಸರು ಕೊಂದು, ಅವನ ಮತ್ತು ಸಂಗಡಿಗರ ತಲೆ ಕಡಿದು ಸಾರ್ವಜನಿಕ ಪ್ರದರ್ಶನಕ್ಕಿಟ್ಟರು. ಅದಕ್ಕೂ ಮೊದಲು, ಬಹಿಯಾ ರಾಜ್ಯದಲ್ಲಿ ಬಡವರೇ ಕಟ್ಟಿಕೊಂಡಿದ್ದ ಕಾನುದೊಸ್ ಎಂಬ ಊರಿನ ಮೇಲೆ ಹೊಸ ಗಣರಾಜ್ಯ ದಂಡೆತ್ತಿ ಹೋಯಿತು. ಮೂರು ದಾಳಿಗಳನ್ನು ಊರು ಹಿಮ್ಮೆಟ್ಟಿಸಿತು. 1897ರಲ್ಲಿ ನಾಲ್ಕನೆಯದು ಅದನ್ನು ಸುಟ್ಟು ನೆಲಸಮ ಮಾಡಿತು. ಆ ಜಾಗ ಮುಂದೆ ಅಣೆಕಟ್ಟಿನ ನೀರಿನಡಿ ಮುಳುಗಿತು. ನಕ್ಷೆಯಿಂದ ಊರು ಅಳಿಸಿಹೋಗುವ ಕಲ್ಪನೆ ಅಲ್ಲಿನ ಪ್ರೇಕ್ಷಕರಿಗೆ ಭವಿಷ್ಯದ ಕಥೆಯಾಗಿ ಮಾತ್ರ ಕಾಣಲಾರದು.

ಬೇಟೆಗಾರರು ಊರೊಳಗೆ ನುಗ್ಗುವಷ್ಟರಲ್ಲಿ ಮ್ಯೂಸಿಯಂನ ಬಂದೂಕುಗಳು ಗೋಡೆಯಿಂದ ಇಳಿದಿರುತ್ತವೆ. ಕಾದಾಟ ಮುಗಿದ ಮೇಲೆ ಊರವರು ಮ್ಯೂಸಿಯಂನ ನೆಲ ತೊಳೆಯುತ್ತಾರೆ, ಗೋಡೆಯ ರಕ್ತದ ಕಲೆಗಳನ್ನು ಮಾತ್ರ ಹಾಗೆಯೇ ಬಿಡುತ್ತಾರೆ. ಚಿತ್ರ ಹಿಂಸೆಯನ್ನು ಮೆರೆಸುತ್ತದೆ ಎನ್ನುವವರು ಇದನ್ನು ಗಮನಿಸಬೇಕು. ಕೊಂದದ್ದನ್ನು ಆ ಜನ ತೊಳೆದು ಮುಚ್ಚಿಡುತ್ತಿಲ್ಲ. ತಮ್ಮ ಚರಿತ್ರೆಯ ದಾಖಲೆಗೆ ಸೇರಿಸುತ್ತಿದ್ದಾರೆ. ಮೇಯರ್ ಮತ್ತೆ ಬರುತ್ತಾನೆ, ಈ ಸಲ ವಿದೇಶಿಯರನ್ನು ಕರೆದೊಯ್ಯಲು ವ್ಯಾನ್ ತಂದು. ಊರನ್ನು ಮಾರಿದವನು ಯಾರೆಂದು ಆಗ ಎಲ್ಲರಿಗೂ ಗೊತ್ತಾಗುತ್ತದೆ. ಅವನ ಬಟ್ಟೆ ಬಿಚ್ಚಿಸಿ, ಕತ್ತೆಯ ಮೇಲೆ ಕೂರಿಸಿ, ಮುಳ್ಳುಕಾಡಿನ ಕಡೆಗೆ ಅಟ್ಟುತ್ತಾರೆ.